ಗ್ಯಾಲರಿಯ ಕೆಳಗಿನ ಮನೆ

ತಲೆಯ ಮೇಲೆ ಕಾಲುಗಳ ಸದ್ದು. ಮೊದಲು ಒಂದೆರಡು ಜೊತೆ, ಆಮೇಲೆ ಗುಂಪುಗುಂಪು, ಕೊನೆಗೆ ಯಾರ ಕಾಲು ಯಾವುದೆಂದು ತಿಳಿಯದಂತೆ ಒಂದೇ ಸಮನೆ ಗುಡುಗುಡು. ಪಂದ್ಯದ ದಿನ ಆ ಸದ್ದು ಶುರುವಾಗುವ ಮೊದಲೇ ಹುಲ್ಲಪ್ಪನ ಹೆಂಡತಿ ಅನ್ನದ ಪಾತ್ರೆಗೆ ಮುಚ್ಚಳ ಹಾಕಿ, ಮೇಲೊಂದು ಬಟ್ಟೆ ಹೊದಿಸಿಬಿಡುತ್ತಿದ್ದಳು. ಫುಟ್‌ಬಾಲ್ ಮೈದಾನದ ಗ್ಯಾಲರಿಯ ಮೆಟ್ಟಿಲುಗಳೇ ಅವರ ಮನೆಯ ಸೂರು. ಒಲೆಯ ಹತ್ತಿರ ನೆಟ್ಟಗೆ ನಿಲ್ಲಬಹುದು, ಹಾಸಿಗೆಯ ಹತ್ತಿರ ಬಗ್ಗಬೇಕು. ಊರಿನ ತಂಡ ಗೋಲು ಹೊಡೆದರೆ ಮೇಲೆ ಅಷ್ಟೂ ಕಾಲುಗಳು ಒಟ್ಟಿಗೆ ಕುಣಿದು ಸುಣ್ಣದ ಪುಡಿ ಉದುರುತ್ತಿತ್ತು. ಎದುರಾಳಿಗಳು ಹೊಡೆದರೆ ಮೌನ, ಯಾರದೋ ಒಂದು ಕೆಮ್ಮು. ಈಗ ಮದುವೆಯಾಗಿ ದೂರವಿರುವ ಮಗಳು ಮಾತು ಬರುವ ಮೊದಲೇ ಅದನ್ನು ಕಲಿತಿದ್ದಳು: ಪುಡಿ ಉದುರಿದರೆ ಚಪ್ಪಾಳೆ, ಮೌನವಾದರೆ ಅಮ್ಮನ ಮಡಿಲು.

ಹುಲ್ಲಪ್ಪ ಅವನ ಹೆಸರಲ್ಲ. ಈ ಗ್ಯಾಲರಿ ಕಟ್ಟುವಾಗ ಗಾರೆ ಕಲಸಲು ಬಂದ ಆಳು ಅವನು. ಕೆಲಸ ಮುಗಿದಾಗ ಜೊತೆಯವರು ಬೇರೆ ಕಟ್ಟಡ ಹುಡುಕಿಕೊಂಡು ಹೋದರು. ಹುಲ್ಲಿಗೆ ನೀರು ಬಿಡುವವನು ಕಾಯಿಲೆ ಬಿದ್ದಿದ್ದ ಕಾರಣ ಇವನು ಪೈಪು ಹಿಡಿದ. ಹಿಡಿದದ್ದನ್ನು ಮತ್ತೆ ಬಿಡಲಿಲ್ಲ. ಆಟಗಾರರು ಇಟ್ಟ ಹೆಸರು ಅಂಟಿಕೊಂಡಿತು. ಸಿಟ್ಟು ಬಂದಾಗ ಹೆಂಡತಿಯೂ ಅದನ್ನೇ ಎಳೆದು ಕರೆಯುತ್ತಿದ್ದಳು. "ಹುಲ್ಲಪ್ಪನವರೇ, ನಿಮ್ಮ ಹುಲ್ಲಿಗೂ ಹುಷಾರಿಲ್ಲ, ನನಗೂ ಹುಷಾರಿಲ್ಲ. ಯಾರನ್ನ ಮೊದಲು ನೋಡ್ತೀರಿ ಹೇಳಿ, ನಾನು ಮಲಗ್ತೀನಿ." ಆಟಗಾರರ ಅಂಗಿ, ಚಡ್ಡಿ ಒಗೆಯುವುದು ಅವಳ ಕೆಲಸ. ಆ ಬಟ್ಟೆಗಳ ಮಣ್ಣು ಅವನದು, ಸೋಪು ಅವಳದು.

ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಊರಿನ ಕ್ಲಬ್ಬು ಯಾವತ್ತೂ ಕಪ್ ಗೆದ್ದದ್ದಿಲ್ಲ, ಯಾವತ್ತೂ ಕೆಳಗೆ ಬಿದ್ದದ್ದೂ ಇಲ್ಲ. ಪ್ರತಿ ವರ್ಷ ಪಟ್ಟಿಯ ತಳದಲ್ಲಿ ಉಗುರು ಕಚ್ಚಿಕೊಂಡು ಹೇಗೋ ಉಳಿಯುತ್ತಿತ್ತು. ಈ ಸಲ ಎಲ್ಲವೂ ಕೊನೆಯ ಪಂದ್ಯಕ್ಕೆ ಬಂದು ನಿಂತಿತು. ಸಮ ಮಾಡಿಕೊಂಡರೂ ಸಾಕು. ಸೋತರೆ ಎರಡನೇ ದರ್ಜೆ.

ಪಂದ್ಯದ ಹಿಂದಿನ ದಿನ ಕ್ಲಬ್ಬಿನ ಮ್ಯಾನೇಜರ್ ಬಾಗಿಲವರೆಗೆ ಬಂದು ನಿಂತರು. ಒಳಗೆ ಬರಲಿಲ್ಲ.

"ನಿನ್ನ ಹತ್ರ ಮುಚ್ಚುಮರೆ ಯಾಕೆ. ಬಿದ್ರೆ ಮಾಲೀಕರು ಈ ಜಾಗ ಇಟ್ಕೊಳ್ಳಲ್ಲ. ಗ್ಯಾಲರಿ ಕೆಡವಿ ಗೋದಾಮು ಕಟ್ಟಿಸ್ತಾರೆ."

"ಹುಲ್ಲು?"

"ಮನೆ ಕೇಳೋದು ಬಿಟ್ಟು ಹುಲ್ಲು ಕೇಳ್ತೀಯಲ್ಲಪ್ಪ."

ಹೆಂಡತಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಎಲ್ಲಿಗೆ ಹೋಗೋಣ ರೀ?" ಎಂದಷ್ಟೇ ಕೇಳಿದಳು. ಮಗಳ ಮನೆ ಎಂದು ಇಬ್ಬರೂ ಯೋಚಿಸಿದರು, ಇಬ್ಬರೂ ಹೇಳಲಿಲ್ಲ. ಅವಳು ನೀಲಿ ಅಂಗಿಗಳನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು.

ಆ ಮೈದಾನಕ್ಕೆ ಎರಡು ತುದಿ: ಒಂದು ಗೇಟಿನ ಕಡೆ, ಇವರ ಮನೆಯಿರುವ ಗ್ಯಾಲರಿಯ ಬುಡದಲ್ಲಿ, ಇನ್ನೊಂದು ಪಂಪ್‌ಮನೆ ಕಡೆ. ಸಂಜೆಯ ಸೂರ್ಯ ಗೇಟಿನ ಹಿಂದೆ ಇಳಿಯುವುದರಿಂದ ಪಂಪ್‌ಮನೆ ಕಡೆಯ ಗೋಲುಕೀಪರನಿಗೆ ದ್ವಿತೀಯಾರ್ಧದಲ್ಲಿ ಕಣ್ಣು ಕುಕ್ಕುತ್ತದೆ. ಅದಕ್ಕೇ ಊರಿನ ತಂಡ ದ್ವಿತೀಯಾರ್ಧದಲ್ಲಿ ಯಾವಾಗಲೂ ಗೇಟಿನ ಕಡೆ ನಿಂತು ಪಂಪ್‌ಮನೆ ಕಡೆಗೆ ಆಡುತ್ತಿತ್ತು. ಟಾಸ್ ಯಾರೇ ಗೆಲ್ಲಲಿ, ಬಂದವರೂ ಅದನ್ನು ಬದಲಿಸುತ್ತಿರಲಿಲ್ಲ. ಮನೆಯವರ ಪದ್ಧತಿ ಎಂದು ಬಿಟ್ಟುಬಿಡುತ್ತಿದ್ದರು.

ಎದುರಾಳಿಗಳದು ಚೆಂಡನ್ನು ನೆಲ ಬಿಡದೆ ಸರಸರ ದಾಟಿಸುವ ಆಟ. ಒದ್ದೆ ನೆಲದಲ್ಲಿ ಅದು ನಡೆಯುವುದಿಲ್ಲ. ಪಂದ್ಯದ ದಿನ ಬೆಳಿಗ್ಗೆ ಹುಲ್ಲಪ್ಪ ಗೇಟಿನ ಕಡೆಯ ಗೋಲಿನ ಮುಂದೆ, ದ್ವಿತೀಯಾರ್ಧದಲ್ಲಿ ಅವರು ನುಗ್ಗಿಬರುವ ತುದಿಯಲ್ಲಿ, ಪೈಪು ಇಟ್ಟು ನಲ್ಲಿ ತಿರುಗಿಸಿದ. ಅಷ್ಟು ವರ್ಷ ಹುಲ್ಲಿಗೆ ಬೇಕಾದಷ್ಟೇ ನೀರು ಕೊಟ್ಟವನು ಆ ದಿನ ನೆಲ ಸಾಕೆಂದರೂ ನಿಲ್ಲಿಸಲಿಲ್ಲ. ಮಧ್ಯಾಹ್ನದಿಂದ ಅಲ್ಲಿ ಗ್ಯಾಲರಿಯ ನೆರಳು, ಒಣಗುವ ಭಯವಿರಲಿಲ್ಲ. ರೆಫರಿ ನಡುಮೈದಾನದಲ್ಲಷ್ಟೇ ಚೆಂಡು ಪುಟಿಸಿ ನೋಡಿ ಸರಿಯೆಂದು ತಲೆಯಾಡಿಸಿದರು. ನೀರು ಬಿಟ್ಟದ್ದನ್ನು ಹುಲ್ಲಪ್ಪ ಹೆಂಡತಿಗೂ ಹೇಳಲಿಲ್ಲ.

ಆಟಕ್ಕೆ ಮೊದಲು ಎದುರಾಳಿ ತಂಡದ ನಾಯಕ ಮನೆ ಬಾಗಿಲಿಗೆ ಬಂದ. ಹೊಸ ಆಟಗಾರನಾಗಿ ಈ ಕ್ಲಬ್ಬಿನಲ್ಲೇ ಇದ್ದಾಗ ಇವರ ಒಲೆಯ ಮುಂದೆ ಕೂತು ಉಂಡವನು. ಅವನ ಸಣಕಲು ಕಾಲು ನೋಡಿ ಕೋಳಿಕಾಲು ಎಂದು ಹೆಸರಿಟ್ಟವಳು ಹುಲ್ಲಪ್ಪನ ಹೆಂಡತಿಯೇ.

"ಚಿಕ್ಕಮ್ಮಾ, ಟೀ ಉಂಟೋ, ಎದುರಾಳಿಗೆ ಇಲ್ವೋ?"

"ಬಾರೋ ಕೋಳಿಕಾಲು. ಸಕ್ಕರೆ ಹಾಕಲ್ಲ, ಅಷ್ಟೇ ಶಿಕ್ಷೆ."

ಅವನು ನಗುತ್ತ ಹೊಸ್ತಿಲ ಹತ್ತಿರ ಕೂತ. ಅರ್ಧ ಟೀ ಕುಡಿದ. ಬಾಗಿಲ ಪಕ್ಕ ಹುಲ್ಲಪ್ಪನ ಚಪ್ಪಲಿಗಳಿದ್ದವು, ಅಂಚಿನವರೆಗೆ ಹಸಿ ಕೆಸರು. ಮಳೆ ಬಿದ್ದು ವಾರಗಳಾಗಿದ್ದವು. ಅವನು ಚಪ್ಪಲಿ ನೋಡಿದ, ಮನೆಯ ಮುಂದಿನ ಗೋಲಿನ ಕಡೆ ನೋಡಿದ, ಲೋಟ ಕೆಳಗಿಟ್ಟ.

"ಚಿಕ್ಕಪ್ಪ ಎಲ್ಲಿ?"

"ಅವರ ಹುಲ್ಲಿನ ಹತ್ರ. ಇನ್ನೆಲ್ಲಿ."

ಟಾಸನ್ನು ಕೋಳಿಕಾಲು ಗೆದ್ದ. ಕೈ ಎತ್ತಿ, ತುದಿ ಬದಲಾಯಿಸಬೇಕು ಎಂದು ಸನ್ನೆ ಮಾಡಿದ. ಮೂಲೆಯ ಬಾವುಟದ ಹತ್ತಿರ ನಿಂತಿದ್ದ ಹುಲ್ಲಪ್ಪನಿಗೆ ಎರಡೂ ತಂಡಗಳು ಅದಲುಬದಲಾಗಿ ಎದುರುಬದುರು ನಡೆದುಹೋದದ್ದು ಕಂಡಿತು.

ಪ್ರಥಮಾರ್ಧದಲ್ಲಿ ಕೆಸರು ಊರಿನ ತಂಡವನ್ನು ಕಾಯಿತು. ಕೋಳಿಕಾಲಿನವರ ಪಾಸುಗಳು ಗೇಟಿನ ಕಡೆಯ ಗೋಲಿನ ಮುಂದೆ ಬಂದು ಉಸಿರು ಬಿಡುತ್ತಿದ್ದವು. ಮೇಲೆ ಜನ ಕುಣಿದರು. ಊರಿನವರಲ್ಲಿ ಹುಲ್ಲಪ್ಪನೊಬ್ಬನಿಗೆ ಮಾತ್ರ ಮುಂದಿನದು ಗೊತ್ತಿತ್ತು. ವಿರಾಮದ ಮೇಲೆ ಆ ಕೆಸರಿನೊಳಗೆ ಹೋಗಿ ಆಡಬೇಕಾದವರು ತನ್ನವರು.

ವಿರಾಮದ ಸೀಟಿ ಬಿದ್ದದ್ದೇ ಮನೆಗೆ ಓಡಿದ.

"ಗೋಣಿಚೀಲ ಕೊಡು. ಬಟ್ಟೆ ಕೊಡು. ಏನಿದ್ರೂ ಕೊಡು."

"ಏನಾಯ್ತು ರೀ?"

"ನೀರು ಬಿಟ್ಟಿದ್ದು ನಾನು ಕಣೇ. ಆ ಗೋಲಿಗೆ."

ಅವಳು ಬಾಗಿಲಿನ ಚಪ್ಪಲಿಗಳನ್ನು ನೋಡಿದಳು. ಕೋಳಿಕಾಲು ಯಾಕೆ ಲೋಟ ಕೆಳಗಿಟ್ಟು ಚಿಕ್ಕಪ್ಪನನ್ನು ಕೇಳಿದ ಎಂಬುದು ಅವಳಿಗೆ ಆಗ ತಿಳಿಯಿತು. ಹಾಸಿಗೆಯ ಮೇಲಿನ ಕಂಬಳಿ ಎಳೆದು ಅವನ ಕೈಗೆ ತುರುಕಿ, ಒಗೆದು ಮಡಿಚಿದ್ದ ಹೊದಿಕೆಗಳನ್ನು ಎದೆಗೆ ಅವುಚಿಕೊಂಡು ತಾನೂ ಓಡಿದಳು.

ಗೋಲಿನ ಮುಂದೆ ಇಬ್ಬರೂ ಮಂಡಿಯೂರಿ ಕಂಬಳಿಯಿಂದ ನೀರು ಒತ್ತಿ ತೆಗೆದರು, ಹಿಂಡಿದರು, ಮತ್ತೆ ಒತ್ತಿದರು. ಗ್ಯಾಲರಿಯಿಂದ ಯಾರೋ ಕೂಗಿದರು, "ಹುಲ್ಲಪ್ಪಾ, ಮಗು ಉಚ್ಚೆ ಮಾಡ್ತೇನೋ?" ಜನ ನಕ್ಕರು. ಒತ್ತಿದಷ್ಟೂ ನೆಲ ನೀರು ಕಕ್ಕಿತು. ಅದರ ಹೊಟ್ಟೆ ತುಂಬಿಸಿದವನು ಅವನೇ. ಆಟಗಾರರು ಮರಳಿದರು. ರೆಫರಿ ಹೊರಗೆ ನಡೆಯಿರಿ ಎಂದು ಕೈ ತೋರಿಸಿದರು. ಅವಳು ಗಂಡನ ತೋಳು ಹಿಡಿದು ಎಬ್ಬಿಸಿದಳು.

ದ್ವಿತೀಯಾರ್ಧದಲ್ಲಿ ಊರಿನ ಗೋಲುಕೀಪರ್ ಪಂಪ್‌ಮನೆ ಕಡೆ ಸೂರ್ಯನಿಗೆ ಎದುರಾಗಿ ನಿಂತ. ಹಣೆಗೆ ಕೈ ಅಡ್ಡ ಹಿಡಿದಿದ್ದಾಗಲೇ ಒಣ ನೆಲದ ಮೇಲೆ ಜಾರಿಬಂದ ಚೆಂಡು ಅವನ ಪಕ್ಕದಿಂದ ಒಳಹೋಯಿತು. ಗ್ಯಾಲರಿ ಮೌನವಾಯಿತು. ಯಾರೋ ಕೆಮ್ಮಿದರು.

ಕೊನೆಗಳಿಗೆಯಲ್ಲಿ ಊರಿನ ಮುಂಚೂಣಿಯ ಆಟಗಾರ ಎಲ್ಲರನ್ನೂ ದಾಟಿ ಗೇಟಿನ ಕಡೆ ಬಂದ, ಮುನ್ನುಗ್ಗಿದ ಗೋಲುಕೀಪರನನ್ನೂ ದಾಟಿಸಿ ಚೆಂಡು ತಳ್ಳಿದ. ಗೋಲು ಖಾಲಿಯಿತ್ತು. ಚೆಂಡು ಉರುಳಿತು, ನಿಧಾನವಾಯಿತು, ಗೆರೆಯ ಈಚೆ ಕೆಸರಿನಲ್ಲಿ ಕೂತುಬಿಟ್ಟಿತು. ಹುಲ್ಲಪ್ಪ ಮೂಲೆಯಲ್ಲಿ ನಿಂತು ಬರಿಗಾಳಿಯಲ್ಲಿ ಕಾಲು ಮುಂದಿಟ್ಟ, ತಾನೇ ತಳ್ಳುವವನ ಹಾಗೆ. ಕೋಳಿಕಾಲು ಓಡಿಬಂದು ಅದನ್ನು ದೂರ ಒದ್ದ.

ಪಂದ್ಯ ಮುಗಿದು ಗ್ಯಾಲರಿ ಖಾಲಿಯಾಯಿತು. ಮೆಟ್ಟಿಲಿಳಿಯುವ ಕಾಲುಗಳಲ್ಲಿ ಆ ದಿನ ಸದ್ದೇ ಇರಲಿಲ್ಲ. ಮ್ಯಾನೇಜರ್ ಯಾರ ಮುಖವನ್ನೂ ನೋಡದೆ ಹೋದರು. ಹೆಂಡತಿ ಕೆಸರಾದ ಕಂಬಳಿಯನ್ನು ಬಕೆಟ್ಟಿನಲ್ಲಿ ಅದ್ದಿ, ಒಗೆಯದೆ, ಅದನ್ನೇ ನೋಡುತ್ತ ಕೂತಿದ್ದಳು.

"ನಾನಾದ್ರೂ ಆ ಚಪ್ಪಲಿ ಒಳಗಿಡಬಾರದಿತ್ತಾ," ಎಂದಳು.

"ನಿನಗೇನು ಗೊತ್ತಿತ್ತು."

"ಹೇಳಿದ್ರೆ ಗೊತ್ತಾಗ್ತಿತ್ತು. ಇಷ್ಟು ವರ್ಷ ಒಟ್ಟಿಗೆ ಬದುಕಿ, ಒಂದು ನಲ್ಲಿ ತಿರುಗಿಸಿದ್ದನ್ನ ಹೇಳೋಕೆ ಆಗ್ಲಿಲ್ಲ ನಿಮಗೆ."

ಕೋಳಿಕಾಲು ಬೂಟುಗಳನ್ನು ಕೈಯಲ್ಲಿ ಹಿಡಿದು ಬಂದ. ಹೊಸ್ತಿಲು ತುಳಿಯಲಿಲ್ಲ.

"ಗೋದಾಮಿನ ವಿಷಯ ಈಗಷ್ಟೇ ಕೇಳ್ದೆ. ನನಗೆ ಗೊತ್ತಿರ್ಲಿಲ್ಲ ಚಿಕ್ಕಪ್ಪ."

"ಗೊತ್ತಿದ್ರೆ ಸೋಲ್ತಿದ್ಯಾ?"

ಕೋಳಿಕಾಲು ಬೂಟುಗಳನ್ನು ಇನ್ನೊಂದು ಕೈಗೆ ಬದಲಾಯಿಸಿದ. ಚಿಕ್ಕಮ್ಮನ ಕಡೆ ನೋಡಿದ. ಅವಳು ಬಕೆಟ್ಟಿನಿಂದ ಕಣ್ಣೆತ್ತಲಿಲ್ಲ.

"ಬೈದುಬಿಡಿ," ಎಂದ.

"ನಿನ್ನ ಕೆಲಸ ನೀನು ಮಾಡಿದೆ. ಕೆಟ್ಟದ್ದು ನನ್ನ ಕೆಲಸ." ಹುಲ್ಲಪ್ಪ ಬಾಗಿಲ ಸಂದಿನಿಂದ ಉದ್ದನೆಯ ಪೊರಕೆ ತೆಗೆದುಕೊಂಡ. ಚಪ್ಪಲಿ ಮೆಟ್ಟಲಿಲ್ಲ.

"ಈಗ್ಯಾಕೆ ರೀ ಅದು? ಕೆಡವೋ ಜಾಗ."

"ನೀರು ನಿಂತ್ರೆ ಬೇರು ಕೊಳೆಯುತ್ತೆ ಕಣೇ. ಅದೇನು ತಪ್ಪು ಮಾಡ್ತು, ಪಾಪ, ಕೆಡವೋರು ಬರೋವರೆಗಾದ್ರೂ ಅದು ಬದುಕಿರ್ಲಿ," ಎನ್ನುತ್ತ ಅವನು ಬರಿಗಾಲಲ್ಲಿ ಗೋಲಿನ ಕಡೆಗೆ ನಡೆದ.