ಹಲ್ಲಿಮರಿಯ ಒದ್ದೆ ಬಟ್ಟೆ

ತಮ್ಮ ಹೇಳಿದ್ದು ಎರಡೇ ಕೆಲಸ. ಒಂದನ್ನು ಕಣ್ಣು ಮುಚ್ಚಿಕೊಂಡು ಮಾಡಿದೆ, ಇನ್ನೊಂದನ್ನು ಅರ್ಧಕ್ಕೇ ಬಿಟ್ಟೆ. ಬಿಟ್ಟಿಲ್ಲ ಅಂತ ಸುಳ್ಳು ಬೇರೆ ಹೇಳಿದೆ.

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನ ತವರುಮನೆ. ತಮ್ಮ ಗುರು ಅಲ್ಲಿ ಕಾಲೇಜು ಓದುತ್ತಾನೆ. ಜನ ನಾಯಿ ಸಾಕುತ್ತಾರೆ, ಗಿಳಿ ಸಾಕುತ್ತಾರೆ. ಇವನು ಸಾಕಿರುವುದು ಹಲ್ಲಿಮರಿ. ಗೋಡೆಯ ಹಲ್ಲಿಯಲ್ಲ, ಹಳದಿ-ಕಪ್ಪು ಪಟ್ಟೆಯ ಪರದೇಶದ ಜಾತಿ. ಎಂಟು ದಿನದ ಪ್ರವಾಸಕ್ಕೆ ಹೊರಟವನು ಅದನ್ನು ಗಾಜಿನ ಪೆಟ್ಟಿಗೆ ಸಮೇತ ಬಸ್ಸಿನಲ್ಲಿ ತಂದು, ಹರಿಹರದ ನನ್ನ ಮನೆಯಲ್ಲಿ ಹೊಲಿಗೆ ಮಿಷನ್ನಿನ ಪಕ್ಕ ಇಟ್ಟ.

“ದಿನಾ ನಾಕು ಹುಳ ಹಾಕು. ಅದು ಮಲಗೋ ಡಬ್ಬಿಯೊಳಗಿನ ಬಟ್ಟೆ ಒಣಗಬಾರ್ದು, ನೀರು ಚಿಮುಕಿಸ್ತಿರು. ಅಷ್ಟೇ ಅಕ್ಕಾ.”

ಅಷ್ಟೇ ಅಂತೆ! ಹಿಟ್ಟಿನಲ್ಲಿ ಒಂದು ಹುಳ ಕಂಡರೆ ಮೂರು ಸಲ ಜರಡಿ ಹಿಡಿಯುವವಳು ನಾನು. ಈಗ ಅವನು ಹುಳ ತುಂಬಿ ಕೊಟ್ಟಿದ್ದ ತೌಡಿನ ಡಬ್ಬಿಯಿಂದ ಅವುಗಳನ್ನು ಜೀವಂತ ಚಿಮಟದಲ್ಲಿ ಎತ್ತಿ, ಶಿವಶಿವಾ ಎನ್ನುತ್ತ ಬಡಿಸತೊಡಗಿದೆ. ಮರಿ ಬಾಲ ಕುಣಿಸಿ ಗಬಕ್ಕನೆ ನುಂಗುತ್ತಿತ್ತು. ಮೂರನೆಯ ದಿನಕ್ಕೆ ನೆಂಟರಿಗೆ ಊಟ ಹಾಕಿದಷ್ಟು ತೃಪ್ತಿಯೂ ಬಂತು.

ನಾಲ್ಕನೆಯ ದಿನ ಅದು ಬಾಯಿ ತೆರೆಯಲಿಲ್ಲ. ಮೈಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಯಿತು. ನಾನು ಓದಿದ್ದು ಏಳನೇ ತರಗತಿ. ಆದರೂ ಹಲ್ಲಿಯ ವಿಷಯದಲ್ಲಿ ಕ್ಯಾಲೆಂಡರಿನ ಹಿಂದಿನ ಹಾಳೆ ಪೂರ್ತಿ ಗೊತ್ತು: ತಲೆಯ ಮೇಲೆ ಬಿದ್ದರೆ ಏನು, ಭುಜದ ಮೇಲೆ ಬಿದ್ದರೆ ಏನು ಅಂತ. ಹಲ್ಲಿಯೇ ಮನುಷ್ಯರ ಕೈಗೆ ಬಿದ್ದರೆ ಅದಕ್ಕೇನು ಫಲ ಎಂದು ಅಲ್ಲಿ ಬರೆದಿಲ್ಲ. ಇಬ್ಬರು ಮಕ್ಕಳನ್ನು ಸಾಕಿದ ಅನುಭವದ ಮೇಲೆ ನಾನೇ ತೀರ್ಮಾನಿಸಿದೆ: ಒದ್ದೆಯಲ್ಲಿ ಮಲಗಿ ಮರಿಗೆ ಶೀತವಾಗಿದೆ. ಬಟ್ಟೆ ತೆಗೆದು ಬಿಸಿಲಿಗೆ ಹಾಕಿ, ಒಣಗಿದ ಮೆತ್ತನೆಯ ಬ್ಲೌಸ್ ಪೀಸ್ ಹಾಸಿದೆ.

ಸಂಜೆ ತಮ್ಮ ಫೋನಿನಲ್ಲಿ, “ಬಟ್ಟೆ ಒದ್ದೆ ಐತಲ್ಲಕ್ಕಾ?” ಅಂದ.

“ಹೂಂನಪ್ಪಾ, ತೊಯ್ದು ತೊಪ್ಪೆ ಆಗೈತೆ” ಅಂದೆ. ಓದಿದವನ ಹತ್ತಿರ ವಾದ ಯಾಕೆ ಎಂದು.

ಅಸಲಿಗೆ ಮರಿ ಪೊರೆ ಬಿಡುತ್ತಿತ್ತು, ಅದು ಆಮೇಲೆ ಗುರು ಹೇಳಿದಾಗ ಗೊತ್ತಾಯಿತು. ಆಗ ಅದಕ್ಕೆ ಊಟ ಬೇಡವಂತೆ. ಪೊರೆ ಸಲೀಸಾಗಿ ಕಳಚಲೆಂದೇ ಆ ತೇವವಂತೆ. ನನ್ನ ಆರೈಕೆಯಲ್ಲಿ ಮೈಯ ಪೊರೆ ಹೇಗೋ ಹೋಯಿತು, ಬೆರಳುಗಳದ್ದು ಮಾತ್ರ ದಾರ ಸುತ್ತಿದಂತೆ ಬಿಗಿದುಕೊಂಡಿತು.

ಗುರು ಬಂದು ನೋಡಿದ. ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ಮರಿಯನ್ನು ನಿಲ್ಲಿಸಿ, ಹತ್ತಿಯಿಂದ ಒಂದೊಂದೇ ಬೆರಳು ಬಿಡಿಸಿದ. ಹಿಂಗಾಲಿನ ಒಂದು ಬೆರಳಿನ ತುದಿ ಕಪ್ಪಾಗಿತ್ತು. ಅದು ಉದುರಿಹೋಗುತ್ತದೆ ಎಂದ. ನಾನು ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವನು ತನ್ನನ್ನೇ ಬೈದುಕೊಂಡ.

“ನೀನು ಹೇಳ್ದಂಗೆ ಮಾಡಿದ್ರೂ ಹಿಂಗಾಗೈತೆ ಅಂದ್ರೆ, ನಂಗೇ ಇದನ್ನ ಸಾಕಕ್ಕೆ ಬರಲ್ಲ ಅಕ್ಕಾ. ಯಾರಿಗಾದ್ರೂ ಕೊಟ್ಟುಬಿಡ್ತೀನಿ.”

ಮರಿ ಅಷ್ಟರಲ್ಲಿ ಅವನ ಅಂಗೈಯ ಬಿಸಿಗೆ ಕಣ್ಣು ಮುಚ್ಚಿತ್ತು. ಹತ್ತು ವರ್ಷ ದೊಡ್ಡವಳು ನಾನು. ಅವನಿಗೆ ಚಡ್ಡಿ ಹಾಕಿ ಬೆಳೆಸಿದವಳು. ಬುದ್ಧಿಮಾತು ನನ್ನ ಗಂಟಲಿನಿಂದ ನಲ್ಲಿ ನೀರಿನಂತೆ ಬರುತ್ತದೆ. ಈ ಮಾತಿಗೆ ಮಾತ್ರ ಎರಡು ಸಲ ಕೆಮ್ಮಬೇಕಾಯಿತು.

“ಯಾರಿಗೂ ಕೊಡಬ್ಯಾಡ ಗುರು. ಬಟ್ಟೆ ಒಣಗಿಸಿದ್ದು ನಾನು, ಫೋನಿನಾಗ ಸುಳ್ಳು ಹೇಳಿದ್ದೂ ನಾನೇ. ನಿಮ್ಮಿಬ್ರಿಗೂ ಹೇಳ್ತಿದೀನಿ, ನಂದು ತಪ್ಪಾತು.”