ತಗಡಿನ ಮೇಲೆ ಇಟ್ಟ ಡಬ್ಬಿ

ಸ್ನಾನ ಮಾಡುವಾಗ ಎಡಗಡೆ ಸ್ತನದಲ್ಲಿ ಏನೋ ಕೈಗೆ ತಗುಲಿತು. ಹುಣಸೆ ಬೀಜದಷ್ಟಿತ್ತು. ನೋವಿರಲಿಲ್ಲ. ನೋವಿಲ್ಲದಿದ್ದರೆ ಏನೂ ಅಲ್ಲ ಎಂದು ಹದಿನೈದು ದಿನ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಹೆದರಿಕೆ ತಡೆಯಲಾಗದೆ ಗಂಡನಿಗೆ ಹೇಳಿದೆ.

ಹೆಬ್ಬಾಳದ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಚೂರು ತೆಗೆದು ಬಯಾಪ್ಸಿ ಮಾಡಿದರು. ರಿಪೋರ್ಟಿನಲ್ಲಿ ಇದ್ದದ್ದು ಒಂದೇ ಪದ, ‘ಅನುಮಾನಾಸ್ಪದ’. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹೌದೋ ಅಲ್ಲವೋ ಹೇಳದ ಉತ್ತರಕ್ಕೆ ಮಕ್ಕಳಿಗೆ ಸೊನ್ನೆ ಕೊಡುತ್ತೇನೆ.

“ಇನ್ನೊಂದು ಟೆಸ್ಟ್ ಮಾಡ್ಸೋಣ,” ಎಂದರು ಡಾಕ್ಟರ್. “ಜೀವಕೋಶದಲ್ಲಿ ಡಿಎನ್‌ಎ ಎಷ್ಟಿದೆ ಅಂತ ಅಳೀತಾರೆ. ಮಾಮೂಲಿ ಕೋಶಗಳಲ್ಲಿ ಇರೋದಕ್ಕಿಂತ ಹೆಚ್ಚೋ ಕಮ್ಮಿನೋ ಇದ್ರೆ ನಮ್ಮ ಅನುಮಾನ ಗಟ್ಟಿ ಆಗುತ್ತೆ. ಅದೊಂದರಿಂದಲೇ ಹೇಳಕ್ಕಾಗಲ್ಲ, ಮೈಕ್ರೋಸ್ಕೋಪಲ್ಲಿ ನೋಡೋ ಸ್ಲೈಡ್ ಜೊತೆ ಸೇರಿಸಿ ನೋಡ್ಬೇಕು.”

ಆ ಟೆಸ್ಟು ಮಾಡುವ ಲ್ಯಾಬ್ ಯಶವಂತಪುರದಲ್ಲಿ. ಅಲ್ಲಿಗೆ ಬ್ಲಾಕ್ ಒಯ್ಯಬೇಕಾದವರು ನಾವೇ. ಬ್ಲಾಕ್ ಎಂದರೆ ಮೇಣದಲ್ಲಿ ಕೂರಿಸಿದ ನನ್ನದೇ ಮೈಯ ಚೂರು. ಸೋಮವಾರ ಬೆಳಿಗ್ಗೆ ಅದನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಲ್ಯಾಬಿನವರು ಮೂರು ಗಂಟೆಯ ಮೇಲೆ ತನ್ನಿ ಎಂದಿದ್ದರಿಂದ ಸಹಕಾರನಗರದ ಮನೆಗೆ ತಂದು ಟೇಬಲ್ಲಿನ ಮೇಲಿಟ್ಟು, ಸುಸ್ತಾಗಿ ಮಲಗಿದೆ.

ಎದ್ದಾಗ ಡಬ್ಬಿ ಇರಲಿಲ್ಲ.

ಅತ್ತೆ ಹಿತ್ತಲಿನಲ್ಲಿದ್ದರು. ಅವರು ಹಳೆಯ ಕೊಡಿಗೇಹಳ್ಳಿಯವರು, ಸೋಮವಾರ ಮನೆಯೊಳಗೆ ಮೊಟ್ಟೆಯನ್ನೂ ಸೇರಿಸುವುದಿಲ್ಲ.

“ಮಾಂಸದ ಚೂರು ಅಂದ್ಯಲ್ಲವ್ವಾ. ಸ್ವಾಮಾರ ಒಳಗೆ ಇಕ್ಕಬಾರ್ದು ಅಂತ ಆಚೆ ತಗಡಿನ ಮ್ಯಾಲೆ ಮಡಗಿವ್ನಿ.”

ಏಪ್ರಿಲ್ ಬಿಸಿಲು. ತಗಡು ಕೈ ಇಡಲಾಗದಷ್ಟು ಕಾದಿತ್ತು. ಡಬ್ಬಿ ತೆರೆದರೆ ಮೇಣ ಕರಗಿ ಒಂದು ಮೂಲೆಗೆ ಹರಿದಿತ್ತು. ನಾನು ಅತ್ತೆಯ ಮೇಲೆ ಕೂಗಾಡಿದೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಇನ್ನೊಮ್ಮೆ ಸೂಜಿ ಚುಚ್ಚುತ್ತಾರೆ, ಇನ್ನಷ್ಟು ದಿನ ಕಾಯಬೇಕು ಎಂಬ ಭಯದಲ್ಲಿ ಏನೇನು ಅಂದೆನೋ ಈಗ ನೆನಪಿಲ್ಲ. ನೆನಪಿದ್ದರೂ ಬರೆಯುತ್ತಿರಲಿಲ್ಲ.

ಲ್ಯಾಬಿನ ಹುಡುಗಿ ಬೆಳಕಿಗೆ ಹಿಡಿದು ನೋಡಿದಳು. “ಚೂರು ಹಾಗೇ ಇದೆ ಮೇಡಂ. ಮತ್ತೆ ಮೇಣದಲ್ಲಿ ಕೂರಿಸ್ತೀವಿ, ಟೆಸ್ಟಿಗೆ ತೊಂದರೆ ಇಲ್ಲ,” ಎಂದಳು.

ರಿಪೋರ್ಟ್ ಬರಲು ಒಂದು ವಾರ ಹಿಡಿಯಿತು. ಡಾಕ್ಟರ್ ಎರಡೂ ರಿಪೋರ್ಟನ್ನು ಪಕ್ಕಪಕ್ಕ ಇಟ್ಟು ನೋಡಿದರು.

“ಡಿಎನ್‌ಎ ಹೆಚ್ಚೇ ಇದೆ. ಸ್ಲೈಡ್ ಮತ್ತೆ ನೋಡಿಸಿದ್ವಿ, ಅದೂ ಅದನ್ನೇ ಹೇಳ್ತಿದೆ. ಕ್ಯಾನ್ಸರ್. ಬೇಗ ಬಂದಿದೀರಿ, ಗಂಟು ಚಿಕ್ಕದು.”

ಮನೆಗೆ ಬಂದಾಗ ಗಂಡ ತಾಯಿಗೆ, ಚೂರಿನಲ್ಲಿ ಡಿಎನ್‌ಎ ಜಾಸ್ತಿ ಇದೆಯಂತೆ, ರಿಪೋರ್ಟ್ ಚೆನ್ನಾಗಿಲ್ಲ ಎಂದು ಎರಡೇ ಮಾತಿನಲ್ಲಿ ತಿಳಿಸಿದರು. ಅತ್ತೆ ನನ್ನ ಹತ್ತಿರ ಬಂದು ಕುಳಿತು ಮೆಲ್ಲಗೆ ಕೇಳಿದರು: “ನಾನು ಬಿಸಿಲಿಗೆ ಮಡಗಿದ್ದಕ್ಕೇ ಅದು ಜಾಸ್ತಿ ಆಗೋಯ್ತಾ, ಸುಮಾ?”

ಅಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಯಾರ ಮೇಲಾದರೂ ತಪ್ಪು ಇರಲಿ ಅನಿಸಿತ್ತು. ಅತ್ತೆ ಆ ದಿನ ಮುದ್ದೆ ಮುಟ್ಟಲಿಲ್ಲ, ಮರುದಿನ ಬೆಳಿಗ್ಗೆ ಕಾಫಿಯನ್ನೂ ಕುಡಿಯಲಿಲ್ಲ. ಹಿತ್ತಲಲ್ಲಿ ಆ ತಗಡನ್ನೇ ನೋಡುತ್ತ ನಿಂತಿದ್ದರು. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಹೋಗಿ ಪಕ್ಕದಲ್ಲಿ ನಿಂತೆ.

“ಬಿಸಿಲಿಂದ ಆಗಿದ್ದಲ್ಲ ಅತ್ತೆ. ಅದು ಮೊದಲಿಂದ್ಲೇ ನನ್ನೊಳಗೆ ಇತ್ತು. ನನಗೆ ಕ್ಯಾನ್ಸರ್ ಆಗಿದೆ.”

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅಳು ನಿಲ್ಲಲಿಲ್ಲ. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದರು.

“ಅಂಗಾದ್ರೆ ತೆಗೆಸ್ಬುಡವ್ವಾ. ನಾನೂ ಜತೆಗೆ ಬತ್ತೀನಿ.”

ಬಂದರು. ಆಪರೇಷನ್ ಆಗಿದ್ದು ಸೋಮವಾರ. ಉಪವಾಸವಿದ್ದುಕೊಂಡೇ ಥಿಯೇಟರಿನ ಹೊರಗೆ ಕುಳಿತಿದ್ದರಂತೆ. ಇವತ್ತಿಗೆ ಹನ್ನೆರಡು ದಿನವಾಯಿತು. ರೇಡಿಯೇಷನ್ ಇನ್ನೂ ಶುರುವಾಗಬೇಕು. ನನಗೆ ಈಗಲೂ ಭಯವಾಗುತ್ತದೆ, ಆದರೆ ಆದಾಗ ಅತ್ತೆಯನ್ನು ಕರೆಯುತ್ತೇನೆ.