ಒಂದೇ ಕೈಯ ಕೌದಿ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಮದುವೆಯಾಗಿ ಬಂದಾಗ ನನಗೆ ಅಂಗಿಗೆ ಗುಂಡಿ ಹಚ್ಚುವುದು ಬಿಟ್ಟರೆ ಬೇರೆ ಸೂಜಿ ಕೆಲಸ ಬರುತ್ತಿರಲಿಲ್ಲ. ನಮ್ಮದೂ ನೇಯುವವರ ಮನೆತನವೇ. ಆದರೆ ಅಪ್ಪ ಸಣ್ಣ ವಯಸ್ಸಿಗೇ ಮಗ್ಗ ಬಿಟ್ಟು ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತರಾಗಿದ್ದರು. ಮನೆಯಲ್ಲಿ ಹೊದೆಯಲಿಕ್ಕೆ ಅಂಗಡಿಯ ರಗ್ಗುಗಳಿದ್ದವು. ಕೌದಿ ಎಂದರೆ ಬಡವರು ಹೊದೆಯುವುದು ಎಂದು ನಾನು ತಿಳಿದಿದ್ದೆ.

ಗಂಡನ ಮನೆಯಲ್ಲಿ ಎರಡು ಮಗ್ಗಗಳಿದ್ದವು. ಒಂದರಲ್ಲಿ ನನ್ನ ಯಜಮಾನರು, ಇನ್ನೊಂದರಲ್ಲಿ ಮಾವ ಕೂತು ರೇಷ್ಮೆ ಸೀರೆ ನೇಯುತ್ತಿದ್ದರು. ಅತ್ತೆ ಬೆಳಗಿನ ಅಡುಗೆ ಮುಗಿಸಿ ನೂಲು ಸುತ್ತುವವರು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಹಳೆಯ ಪಂಚೆ, ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಕೌದಿ ಹೊಲಿಯಲು ಕೂಡುತ್ತಿದ್ದರು. ಅವರ ಮನೆಮಾತು ತೆಲುಗು, ಕೌದಿಗೆ ಅವರು ಬೊಂತ ಎನ್ನುತ್ತಿದ್ದರು. ನನ್ನ ಹತ್ತಿರ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಮಾತಾಡುತ್ತಿದ್ದರು. ನನ್ನನ್ನು ಕರೆಯುತ್ತಿದ್ದುದು ಅಮ್ಮಾಯಿ, ಅಂದರೆ ಹುಡುಗಿ ಎಂದು. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ನಾನು ಅವರಿಗೆ ಅಮ್ಮಾಯಿಯೇ.

ಬಂದ ಮೊದಲ ಚಳಿಗಾಲದಲ್ಲಿ ಅವರೇ ನನ್ನ ಕೈಗೆ ಸೂಜಿ ಕೊಟ್ಟರು. ಅಂಚಿನಿಂದ ಶುರುಮಾಡಿ ಒಳಕ್ಕೆ ಬರಬೇಕು, ನಡುವಿನಿಂದ ಹೊರಟರೆ ಬಟ್ಟೆ ಸುಕ್ಕು ಬೀಳುತ್ತದೆ ಎಂದು ಹೇಳಿಕೊಟ್ಟರು. ದಾರವನ್ನು ಎಳೆದರೆ ಹೊಲಿಗೆ ಕೂಡಬೇಕು, ಬಟ್ಟೆ ಮುದುಡಬಾರದು ಎಂದರು. ನನ್ನ ಮೊದಲ ಸಾಲು ಹಾವು ಹರಿದ ಹಾಗಿತ್ತು. ನಾನು ನಾಚಿಕೆಯಿಂದ ಬಿಚ್ಚಲು ಹೋದರೆ ಅತ್ತೆ ಬಿಡಲಿಲ್ಲ. ಹೊದ್ದವರಿಗೆ ಬೆಚ್ಚಗಾದರೆ ಸಾಕು, ಇರಲಿ ಬಿಡು ಎಂದು ತಾವು ಪಕ್ಕದ ಸಾಲು ಹಿಡಿದರು.

ಬೀದಿಯ ನಾಲ್ಕಾರು ಹೆಂಗಸರು ಆ ಹೊತ್ತಿಗೆ ತಂತಮ್ಮ ಸೂಜಿ ಹಿಡಿದು ಬರುತ್ತಿದ್ದರು. ಕೌದಿಯ ಒಂದೊಂದು ಬದಿಗೆ ಒಬ್ಬೊಬ್ಬರು ಕೂತರೆ ಮಾತಿನ ಜೊತೆಗೇ ಹೊಲಿಗೆ ಒಳಕ್ಕೆ ಸರಿಯುತ್ತಿತ್ತು. ಈ ವಾರ ನಮ್ಮ ಮನೆಯದು, ಮುಂದಿನ ವಾರ ಎದುರುಮನೆಯದು. ಎದುರುಮನೆಯಾಕೆ ನನ್ನ ಓರಗೆಯವಳು, ನನಗಿಂತ ಎರಡು ತಿಂಗಳ ಮುಂಚೆ ಆ ಬೀದಿಗೆ ಸೊಸೆಯಾಗಿ ಬಂದವಳು. ಅವಳದು ದೊಡ್ಡ ಹೊಲಿಗೆ, ಅವಸರದ ಕೈ. ಅತ್ತೆಯದು ಸಣ್ಣದು, ಬಿಗಿ, ಸ್ವಲ್ಪ ಎಡಕ್ಕೆ ವಾಲುತ್ತಿತ್ತು. ಯಾರ ಸಾಲು ಯಾವುದು ಎಂದು ಬೆರಳಾಡಿಸಿ ಹೇಳುವಷ್ಟು ನನಗೆ ರೂಢಿಯಾಯಿತು. ಎಂಟು ಹತ್ತು ವರ್ಷಗಳಲ್ಲಿ ನನ್ನ ಹೊಲಿಗೆ ಅವರೆಲ್ಲರಿಗಿಂತ ನೇರವಾಯಿತು. ಇದನ್ನು ಮೊದಲು ಹೇಳಿದವರೂ ಅತ್ತೆಯೇ.

ಒಮ್ಮೆ ಸೀರೆ ಕೊಳ್ಳಲು ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಕೈಕೆಲಸದವರಿಗಾಗಿ ಇರುವ ಯಾವುದೋ ಸಂಸ್ಥೆಯವಳು. ಸೀರೆ ನೋಡುತ್ತ ನೋಡುತ್ತ ಅವಳ ಕಣ್ಣು ಹಿತ್ತಲಿನ ಹಗ್ಗದ ಮೇಲೆ ಒಣಗಲು ಹಾಕಿದ್ದ ಕೌದಿಯ ಮೇಲೆ ಹೋಯಿತು. ನಾನು ಬರಿಯ ಸೀರೆ ಅಂಚಿನ ತುಂಡುಗಳಿಂದ ಮಾಡಿದ್ದ ಕೌದಿ ಅದು. ಎದ್ದು ಹೋಗಿ ಅದರ ಹಿಂಬದಿ ತಿರುಗಿಸಿ ಬಹಳ ಹೊತ್ತು ನೋಡಿದಳು. ಹೊಲಿದವರು ಯಾರು ಎಂದು ಕೇಳಿದಾಗ ಅತ್ತೆ ನನ್ನ ಕಡೆ ಕೈ ತೋರಿಸಿದರು. ತಮ್ಮ ಸಂಸ್ಥೆ ಕೌದಿಯ ಕೆಲಸಕ್ಕೆ ಮಾಸ್ಟರ್ ಎಂಬ ಪದವಿ ಕೊಡುತ್ತದೆ, ಮೂರು ವರ್ಷಗಳಲ್ಲಿ ಮೂರು ಕೌದಿ ಕಳಿಸಬೇಕು, ಪರೀಕ್ಷೆ ಮಾಡುವವರಿಗೆ ಹೊಲಿದವರ ಹೆಸರು ತಿಳಿಸುವುದಿಲ್ಲ ಎಂದೆಲ್ಲ ವಿವರಿಸಿ ಅರ್ಜಿ ಕಳಿಸುವಂತೆ ಹೇಳಿ ಹೋದಳು.

ಅತ್ತೆಗೆ ನಗು ಬಂತು. ನಮ್ಮೂರಲ್ಲಿ ಮಾಸ್ಟರ್ ಎಂದರೆ ನೇಕಾರರಿಗೆ ನೂಲು ಕೊಟ್ಟು ಸೀರೆ ನೇಯಿಸುವ ಯಜಮಾನ. ಅವನು ಮಗ್ಗದ ಮೇಲೆ ಕೂಡುವುದು ಅಪರೂಪ.

"ಮಾಸ್ಟ್ರು ಆದ್ಮೇಲೆ ನೀನು ಹೊಲಿಯಂಗಿಲ್ಲ, ನಾವೇ ಹೊಲೀಬೇಕು," ಎಂದರು.

ನನಗೆ ಮಾತ್ರ ಆ ಮಾತು ಒಳಗೆ ಇಳಿದುಬಿಟ್ಟಿತ್ತು. ಹತ್ತನೇ ತರಗತಿ ಮುಗಿಸಿ ಓದು ನಿಲ್ಲಿಸಿದವಳು ನಾನು. ಮನೆಯಲ್ಲಿದ್ದ ಕಾಗದಗಳಲ್ಲೆಲ್ಲ ಯಜಮಾನರ ಹೆಸರೇ ಇತ್ತು. ನನ್ನ ಹೆಸರಿನ ಮುಂದೆ ಒಂದು ಪದವಿ ಇರಬಹುದು ಎಂಬುದೇ ನನಗೆ ಹೊಸದು. ಅರ್ಜಿ ತುಂಬಿದೆ.

ಮೊದಲ ಕೌದಿಯನ್ನು ಎಂದಿನಂತೆ ಪಡಸಾಲೆಯಲ್ಲೇ ಹೊಲಿದೆ. ಬಹುಪಾಲು ನಾನೇ ಹೊಲಿದರೂ ಎಡಗಡೆಯ ಕೆಲವು ಸಾಲುಗಳನ್ನು ಅತ್ತೆ ಹಾಕಿದ್ದರು. ಅದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಹೊಳೆಯಲೇ ಇಲ್ಲ. ಎರಡು ತಿಂಗಳಿಗೆ ಕೌದಿ ವಾಪಸು ಬಂತು, ಜೊತೆಗೆ ಒಂದು ಪತ್ರ. ಎಡ ಅಂಚಿನಲ್ಲಿ ಇನ್ನೊಬ್ಬರ ಕೈ ಕಾಣುತ್ತಿದೆ, ಪದವಿಗೆ ಕಳಿಸುವ ಕೌದಿ ಮೊದಲಿಂದ ಕೊನೆಯವರೆಗೆ ಒಬ್ಬರದೇ ಆಗಿರಬೇಕು, ಬೇರೆಯದು ಕಳಿಸಿ ಎಂದಿತ್ತು.  ಕದ್ದು ಸಿಕ್ಕಿಬಿದ್ದ ಹಾಗೆ ಅನಿಸಿತು. ಪತ್ರದಲ್ಲಿ ಏನಿದೆ ಎಂದು ಅತ್ತೆ ಕೇಳಿದರು. ಅಳತೆ ಸರಿಯಿಲ್ಲವಂತೆ, ಇನ್ನೊಂದು ಕೇಳಿದ್ದಾರೆ ಎಂದೆ.

ಆ ಸುಳ್ಳು ಯಾಕೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವರ ಮನಸ್ಸು ನೋಯಬಾರದು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ನಿಮ್ಮ ಹೊಲಿಗೆಯಿಂದ ನನ್ನದು ಕೆಟ್ಟಿತು ಎಂದು ಕಲಿಸಿದವರ ಎದುರು ಹೇಳುವ ಧೈರ್ಯ ನನಗಿರಲಿಲ್ಲ.

ಆಮೇಲಿನ ಕೌದಿಗಳನ್ನು ಒಳಕೋಣೆಯಲ್ಲಿ ಹೊಲಿದೆ. ಬೀದಿಯ ಹೆಂಗಸರು ಸೂಜಿ ಹಿಡಿದು ಬಂದರೆ ತಲೆನೋವು, ಕೆಲಸ ಇದೆ, ನಾಳೆ ನೋಡೋಣ ಎಂದು ಒಂದೊಂದು ದಿನ ಒಂದೊಂದು ನೆವ. ಕೆಲವು ದಿನ ಬಂದರು, ಆಮೇಲೆ ಎದುರುಮನೆಯ ಕಟ್ಟೆಯ ಮೇಲೇ ಕೂಡತೊಡಗಿದರು. ಅತ್ತೆಗೆ ಆ ಹೊತ್ತಿಗೆ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣಿನದು ತೆಗೆಸಿದ್ದರೂ ದೃಷ್ಟಿ ಅಷ್ಟಾಗಿ ಬಂದಿರಲಿಲ್ಲ, ಇನ್ನೊಂದರಲ್ಲಿ ಮಂಜು ಮಂಜು. ನಿಮ್ಮ ಕಣ್ಣಿಗೆ ಆಯಾಸ ಆಗ್ತದೆ ಅತ್ತೆ, ನೀವು ಸೂಜಿ ಹಿಡೀಬೇಡಿ ಎಂದೆ. ಸೊಸೆಗೆ ತಮ್ಮ ಮೇಲೆ ಎಷ್ಟು ಕಾಳಜಿ ಎಂದು ಅವರು ಬಂದವರ ಮುಂದೆಲ್ಲ ಹೇಳಿಕೊಂಡರು. ಆ ಮಾತು ಕಿವಿಗೆ ಬಿದ್ದಾಗ ನಾನು ತಲೆ ಎತ್ತುತ್ತಿರಲಿಲ್ಲ.

ಎರಡು ಕೌದಿಗಳು ಪಾಸಾದವು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಹಸಿರು, ಕುಂಕುಮ ಬಣ್ಣದ ರೇಷ್ಮೆ ತುಂಡುಗಳನ್ನು ವರ್ಷವಿಡೀ ಕೂಡಿಸಿದ್ದೆ. ಕಳಿಸಬೇಕಾದ ದಿನ ಹತ್ತಿರ ಬಂದಾಗ ಇನ್ನೂ ಒಂದು ಬದಿ ಪೂರ್ತಿ ಬಾಕಿ ಇತ್ತು. ಅಷ್ಟರಲ್ಲಿ ಚಳ್ಳಕೆರೆಯಲ್ಲಿ ತಂಗಿಯ ಮಗಳ ಸೀಮಂತ. ಹೋಗದೆ ಇರುವ ಹಾಗಿರಲಿಲ್ಲ. ಮೂರು ದಿನ ಅಲ್ಲಿದ್ದೆ. ಕೂತಲ್ಲಿ ನಿಂತಲ್ಲಿ ಕೌದಿಯದೇ ಚಿಂತೆ, ಆಗುತ್ತದೋ ಇಲ್ಲವೋ ಎಂದು ಯಜಮಾನರಿಗೆ ಫೋನಿನಲ್ಲೂ ಅದನ್ನೇ ಹೇಳಿದ್ದೆ. ಅವರು ಅದನ್ನು ಅತ್ತೆಯ ಮುಂದೆ ಆಡಿದ್ದಾರೆ.

ನಾಲ್ಕನೇ ದಿನ ಬೆಳಗಿನ ಬಸ್ಸು ಹಿಡಿದು ಬಂದೆ. ಬಿ.ಜಿ. ಕೆರೆ ದಾಟುವಾಗಲೂ ಉಳಿದ ಸಾಲುಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಮನೆಗೆ ಬಂದಾಗ ಅತ್ತೆ ಇರಲಿಲ್ಲ, ಎದುರುಮನೆಗೆ ಹೋಗಿದ್ದರು. ಚೀಲ ಇಟ್ಟು ಒಳಕೋಣೆಗೆ ಹೋಗಿ ಕೌದಿ ಬಿಡಿಸಿದರೆ ಬಾಕಿ ಇದ್ದ ಬದಿಯಲ್ಲಿ ಉದ್ದಕ್ಕೂ ಹೊಲಿಗೆ. ಹದಿಮೂರು ಸಾಲು. ಕೆಲವು ಕಡೆ ಸೂಜಿ ಅದೇ ತೂತಿನಲ್ಲಿ ಎರಡು ಸಲ ಹೋಗಿತ್ತು, ಕೆಲವು ಕಡೆ ಒಂದು ಸಾಲು ಇನ್ನೊಂದರ ಮೇಲೆ ಹತ್ತಿತ್ತು. ಕಾಣದ ಕಣ್ಣಿನಲ್ಲಿ ಬೆರಳಿನಿಂದಲೇ ತಡವಿ ತಡವಿ ಹಾಕಿದ ಹೊಲಿಗೆ. ಎಡಕ್ಕೆ ವಾಲಿದ್ದವು.

ಆಗ ನನಗೆ ಬಂದದ್ದು ಸಿಟ್ಟು. ಬೇರೆ ಏನೂ ಅಲ್ಲ, ಬರೀ ಸಿಟ್ಟು. ಪ್ರಯಾಣದ ಸೀರೆಯನ್ನೂ ಬದಲಿಸದೆ ಕತ್ತರಿ ತಗೊಂಡು ಕೂತು ಒಂದೊಂದೇ ಸಾಲು ಬಿಚ್ಚಿದೆ. ರೇಷ್ಮೆಯಲ್ಲಿ ತೂತು ಉಳಿಯದ ಹಾಗೆ ಉಗುರಿನಿಂದ ಉಜ್ಜಿ ಉಜ್ಜಿ ಮುಚ್ಚಿದೆ. ಹನ್ನೊಂದು ಸಾಲು ಮುಗಿದಿತ್ತು. ಅತ್ತೆ ಯಾವಾಗ ಬಂದು ಬಾಗಿಲಲ್ಲಿ ನಿಂತರೋ ಗೊತ್ತಾಗಲಿಲ್ಲ. ನೆಲದ ಮೇಲೆ ದಾರದ ತುಂಡುಗಳು ಬಿದ್ದಿದ್ದವು. ಅವರು ಬಗ್ಗಿ ಕೈಯಾಡಿಸಿ ಒಂದಿಷ್ಟು ದಾರ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ವಂಕರ ಆಗಿತ್ತಾ?" ಎಂದರು. ವಂಕರ ಎಂದರೆ ಸೊಟ್ಟ.

"ಸ್ವಲ್ಪ," ಎಂದೆ.

"ಬಿಚ್ಚಿದ್ದೇ ಒಳ್ಳೇದಾತು ಬಿಡು. ಮೊದ್ಲಿನ ಕಣ್ಣಲ್ಲ ಇದು."

ಅಷ್ಟು ಹೇಳಿ ಒಳಗೆ ಹೋಗಿ ನನಗೆ ಊಟಕ್ಕೆ ತಟ್ಟೆ ಹಾಕಿದರು. ನಿಯಮ ಹೀಗಿದೆ, ನಿಮ್ಮ ಹೊಲಿಗೆ ಸೊಟ್ಟ ಎಂದು ಬಿಚ್ಚಿದ್ದಲ್ಲ, ಅದು ನಿಮ್ಮದು ಎಂದು ಬಿಚ್ಚಿದೆ ಎಂದು ಆಗಲಾದರೂ ಹೇಳಬಹುದಿತ್ತು. ಊಟ ಮಾಡಿ ಎದ್ದು ಬಂದು ಉಳಿದ ಎರಡು ಸಾಲನ್ನೂ ಬಿಚ್ಚಿದೆ. ಅತ್ತೆ ತಮ್ಮ ಬದುಕಿನಲ್ಲಿ ಕೊನೆಯದಾಗಿ ಹಾಕಿದ ಹೊಲಿಗೆ ಅದು ಎಂದು ನನಗೆ ಹೇಗೆ ಗೊತ್ತಾಗಬೇಕು?

ಪದವಿ ಬಂತು. ಬೆಂಗಳೂರಿಗೆ ಹೋಗಿ ಶಾಲು ಹೊದೆಸಿಕೊಂಡು ಪ್ರಶಸ್ತಿಪತ್ರ ತಂದೆ. ಪರೀಕ್ಷೆ ಮಾಡಿದ ಹಿರಿಯರೊಬ್ಬರು ನನ್ನ ಮೂರನೇ ಕೌದಿಯನ್ನು ವೇದಿಕೆಯ ಮೇಲೆ ಬಿಡಿಸಿ, ನಾಲ್ಕೂ ಬದಿಯಲ್ಲಿ ಒಂದೇ ಉಸಿರು ಇದೆ ಎಂದು ಹೊಗಳಿದರು. ಚಪ್ಪಾಳೆ ಬಿತ್ತು. ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು. ಬಹಳ ಸಂತೋಷವಾಯಿತು, ಊರಿಗೆ ಬರುವ ತನಕವೂ ಇತ್ತು. ಆ ಕೌದಿಯನ್ನು ಸಂಸ್ಥೆಯವರೇ ಇಟ್ಟುಕೊಂಡರು. ಗಾಜಿನ ಹಿಂದೆ ಇದೆಯಂತೆ. ಯಾರೂ ಹೊದ್ದಿಲ್ಲ.

ಬಂದ ಮಾರನೆಯ ವಾರ ಬೀದಿಯವರನ್ನೆಲ್ಲ ಕರೆದೆ. ಇನ್ನು ನೆವ ಹೇಳಬೇಕಾದ್ದಿಲ್ಲ, ಮೊದಲಿನ ಹಾಗೆ ಕೂಡೋಣ ಎಂದು ಪಡಸಾಲೆಯಲ್ಲಿ ಹೊಸ ಕೌದಿ ಹಾಸಿದ್ದೆ. ಎಲ್ಲರೂ ಬಂದರು. ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಕೊಟ್ಟ ಕಾಫಿ ಕುಡಿದು ಕೈಕಟ್ಟಿ ಕೂತರು, ಯಾರ ಹತ್ತಿರವೂ ಸೂಜಿ ಇರಲಿಲ್ಲ. ನಾನೇ ಸೂಜಿಗೆ ದಾರ ಪೋಣಿಸಿ ಎದುರುಮನೆಯಾಕೆಗೆ ಕೊಡಲು ಹೋದೆ. ಅವಳು ಕೈ ಹಿಂದಕ್ಕೆ ತಗೊಂಡಳು.

"ನೀವು ಮಾಸ್ಟ್ರು. ನಿಮ್ಮ ಕೌದಿಗೆ ನಾವು ಕೈ ಹಾಕಿದ್ರೆ ಹೆಂಗ್ರಿ?" ಎಂದಳು.

ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ಇಪ್ಪತ್ತೈದು ವರ್ಷ ನನ್ನನ್ನು ಲೇ, ಬಾರೇ, ಹೋಗೇ ಎಂದವಳು ಅಂದಿನಿಂದ ರೀ ಹಚ್ಚಿ ಮಾತಾಡುತ್ತಿದ್ದಾಳೆ. ಎಷ್ಟು ಬೇಡವೆಂದರೂ ಕೇಳಿಲ್ಲ.

ಅವರೆಲ್ಲ ಹೋದ ಮೇಲೆ ಅತ್ತೆಯ ಹತ್ತಿರ ಕೂತೆ. ಅವರು ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನೀವಾದರೂ ಒಂದು ಸಾಲು ಹಾಕಿ ಅತ್ತೆ ಎಂದೆ. ಬೇಡಮ್ಮಾಯಿ, ಸೊಟ್ಟ ಆಗ್ತೈತೆ ಎಂದರು. ಆಗ ನನಗೆ ತಡೆಯಲಾಗಲಿಲ್ಲ. ಮೊದಲ ಪತ್ರದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಒಬ್ಬರದೇ ಕೈ ಇರಬೇಕು ಎಂಬ ನಿಯಮ, ಕಣ್ಣಿನ ನೆಪ, ಆ ದಿನ ಬಿಚ್ಚಿದ್ದು ಸೊಟ್ಟಾಗಿತ್ತೆಂದಲ್ಲ ಎಂಬುದು. ಅವರು ಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಕೊನೆಗೆ ಕೇಳಿದ್ದು ಇಷ್ಟೇ:

"ಮೊದ್ಲೇ ಹೇಳಿದ್ರೆ ನಾನ್ಯಾಕೆ ಮುಟ್ತಿದ್ದೆ ಅಮ್ಮಾಯಿ?"

 ಅವರು ಸಿಟ್ಟಾಗಲಿಲ್ಲ, ಮಾತು ಬಿಡಲಿಲ್ಲ, ರಾತ್ರಿ ಎಂದಿನಂತೆ ಮಜ್ಜಿಗೆ ಕೇಳಿ ಹಾಕಿಸಿಕೊಂಡರು. ಆದರೆ ಸೂಜಿ ಮಾತ್ರ ಹಿಡಿಯಲಿಲ್ಲ. ನನ್ನ ಮಗಳ ಮಗುವಿಗೆಂದು ಹಾಸಿದ ಚಿಕ್ಕ ಕೌದಿಗೂ ಒಂದು ಹೊಲಿಗೆ ಹಾಕಲಿಲ್ಲ. ನೀನು ಚಂದ ಹಾಕ್ತೀಯ, ನೀನೇ ಹಾಕು ಎಂದು ಅದರ ಮೇಲೆ ಅಂಗೈಯಾಡಿಸಿ ಕೊಟ್ಟುಬಿಟ್ಟರು. ಮರುವರ್ಷದ ಬೇಸಿಗೆಯಲ್ಲಿ ತೀರಿಕೊಂಡರು. ದೇವಸಮುದ್ರದಿಂದ ಬಂದ ಅವರ ತವರಿನವರು ನನ್ನ ಕೈ ಹಿಡಿದುಕೊಂಡು, ಸೊಸೆಯ ಹೆಸರು ಪೇಪರಿನಲ್ಲಿ ಬಂದದ್ದನ್ನು ಅತ್ತೆ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದರು ಎಂದರು. 

ಪ್ರಶಸ್ತಿಪತ್ರದಲ್ಲಿ ಅವರ ಹೆಸರನ್ನೂ ಸೇರಿಸಲು ಆಗುತ್ತದೆಯೇ ಎಂದು ಸಂಸ್ಥೆಗೆ ಪತ್ರ ಬರೆದೆ. ಕಲಿಸಿದವರನ್ನು ನೆನೆಯುವುದು ದೊಡ್ಡ ಗುಣ, ಆದರೆ ಪದವಿ ಒಬ್ಬರ ಹೆಸರಿಗೇ ಇರುತ್ತದೆ ಎಂದು ಮರ್ಯಾದೆಯಿಂದ ಉತ್ತರ ಕೊಟ್ಟರು. ಅವರದೇನೂ ತಪ್ಪಿಲ್ಲ. ಒಬ್ಬಳ ಕೈ ಎಷ್ಟು ನುರಿತಿದೆ ಎಂದು ಅಳೆಯಲು ಅವರಿಗೆ ಬೇರೆ ದಾರಿ ಏನಿದೆ? ಆ ನಿಯಮವನ್ನು ಮೂರು ಕೌದಿಗೆ ಮಾತ್ರ ಪಾಲಿಸಿ, ಉಳಿದ ಮಧ್ಯಾಹ್ನಗಳನ್ನು ಇದ್ದ ಹಾಗೇ ಬಿಡಬಹುದಿತ್ತು. ಅಷ್ಟು ಬುದ್ಧಿ ನನಗೆ ಓಡಲಿಲ್ಲ. ಈಗ ತರಬೇತಿಗೆ ಕರೆಯುತ್ತಾರೆ, ಹೋಗುತ್ತೇನೆ. ಹುಡುಗಿಯರು ಕಾಲಿಗೆ ನಮಸ್ಕಾರ ಮಾಡುತ್ತಾರೆ.

ಹೋದ ತಿಂಗಳು ಎದುರುಮನೆಯಾಕೆಗೆ ಮೊಮ್ಮಗ ಹುಟ್ಟಿದ. ನಾಮಕರಣಕ್ಕೆ ಎರಡು ದಿನ ಮುಂಚೆ ತಮ್ಮ ಕಟ್ಟೆಯ ಮೇಲೆ ಎಲ್ಲರೂ ಕೂತು ಹೊಲಿದ ಕೌದಿಯನ್ನು ತಂದು ನನ್ನ ಮುಂದೆ ಬಿಡಿಸಿದಳು. ಸರಿ ಐತಾ ನೋಡಿ ಹೇಳ್ರಿ ಎಂದು ಸೆರಗು ಸರಿಮಾಡಿಕೊಂಡು ನಿಂತಳು. ಬೆರಳಾಡಿಸಿದೆ. ಮೇಲಿನ ಬದಿ ಅವಳದು, ಹೊಲಿಗೆ ಈಗಲೂ ದೊಡ್ಡದೇ. ಬಲಗಡೆಯದು ಮೂಲೆಮನೆಯವಳದು, ಕೆಳಗಿನದು ಅವಳ ನಾದಿನಿಯದು. ಎಡಗಡೆಯ ಕೈ ಯಾರದೋ ನನಗೆ ಗುರುತು ಸಿಗಲಿಲ್ಲ. ಕೇಳಿದರೆ, ಹೋದ ವರ್ಷ ಬೀದಿಗೆ ಬಂದ ಹೊಸ ಸೊಸೆ, ಈಗ ಕಲೀತಿದ್ದಾಳೆ ಎಂದಳು.

ಚೆನ್ನಾಗಿದೆ ಎಂದೆ. ಅವಳ ಮುಖ ಅರಳಿತು. ನಾನೂ ಒಂದು ಸಾಲು ಹಾಕಲಾ ಎಂದು ಕೇಳಬೇಕೆನಿಸಿತು. ಕೇಳಿದ್ದರೆ ಇಲ್ಲವೆನ್ನುತ್ತಿರಲಿಲ್ಲ, ಮಾಸ್ಟ್ರು ಕೇಳಿದರು ಎಂದು ತಕ್ಷಣ ಕೊಡುತ್ತಿದ್ದಳು. ಹಾಗೆ ಕೊಡುವುದು ನನಗೆ ಬೇಕಿರಲಿಲ್ಲ. ಕೌದಿಯನ್ನು ಮಡಚಿ ಅವಳ ಕೈಗೆ ಕೊಟ್ಟೆ. ಬರ್ತೀನ್ರಿ ಎಂದು ಅವಳು ರಸ್ತೆ ದಾಟಿ ಹೋದಳು.